ಉಳಿದ ಹೊತ್ತು ಯಾರ ಪಾಲು?

ಅಡುಗೆಮನೆಯ ತೆಂಗಿನಕಾಯಿ, ಈರುಳ್ಳಿ, ಉಪ್ಪು, ಎಣ್ಣೆ, ಇವುಗಳಲ್ಲಿ ಒಂದಲ್ಲ ಒಂದು ರಾತ್ರಿ ಲಾರಿಯ ಮೇಲೆ ಪ್ರಯಾಣ ಮಾಡದೆ ನಮ್ಮ ಮನೆ ಸೇರಿದ್ದು ಬಹುಶಃ ಯಾವುದೂ ಇರಲಾರದು. ನಾವು ಓದುವ ಪುಸ್ತಕದ ಕಾಗದವೂ ಹಾಗೆಯೇ ಬಂದದ್ದು. ಆದರೂ ಎತ್ತಿನ ಗಾಡಿಗೆ, ರೈಲಿಗೆ, ದೋಣಿಗೆ ನಮ್ಮ ಕಥೆ ಕವಿತೆಗಳಲ್ಲಿ ಸಿಕ್ಕ ಮನ್ನಣೆ ಲಾರಿಗೆ ಸಿಕ್ಕಿಲ್ಲ. ಅದನ್ನು ನಡೆಸುವವನಿಗಂತೂ ಇನ್ನೂ ಕಡಿಮೆ. ರಾತ್ರಿ ಬಸ್ಸಿನ ಕಿಟಕಿಯಿಂದ ಕಾಣುವ ಕೆಂಪು ದೀಪಗಳ ಸಾಲಿನೊಂದಿಗೇ ಅವನ ಪರಿಚಯ ಮುಗಿದುಹೋಗುತ್ತದೆ. ಕಳೆದ ನಾಲ್ಕೈದು ದಶಕಗಳಲ್ಲಿ ಯಂತ್ರವೂ ಕಾನೂನೂ ಅವನ ಕಸುಬನ್ನು ಹೇಗೆ ಬದಲಾಯಿಸಿದವು, ಆ ಬದಲಾವಣೆಯಲ್ಲಿ ಅವನಿಗೆ ದಕ್ಕಿದ್ದೇನು ಎಂಬುದನ್ನು ಚಿತ್ರದುರ್ಗದ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ವಿಚಾರ ಮಾಡುವುದು ಈ ಭಾಷಣದ ಉದ್ದೇಶ.

ಈ ವಿಚಾರಕ್ಕೆ ದುರ್ಗದ ಸೀಮೆಗಿಂತ ತಕ್ಕ ನೆಲ ದೊರೆಯುವುದು ಕಷ್ಟ. ಮುಂಬಯಿ, ಪುಣೆಗಳಿಂದ ಹೊರಟು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಮೂಲಕ ಬೆಂಗಳೂರಿಗೂ ಅಲ್ಲಿಂದ ಚೆನ್ನೈಗೂ ಹೋಗುವ ಹೆದ್ದಾರಿ ಚಿತ್ರದುರ್ಗ, ಹಿರಿಯೂರುಗಳನ್ನು ಹಾದುಹೋಗುತ್ತದೆ. ಅದರ ಹಳೆಯ ಸಂಖ್ಯೆ 4. 2010ರ ಹೊಸ ಎಣಿಕೆಯಲ್ಲಿ ಅದು 48 ಆಯಿತು. ಸೊಲ್ಲಾಪುರ, ವಿಜಯಪುರ, ಹೊಸಪೇಟೆಗಳ ಕಡೆಯಿಂದ ಬರುವ ಹಳೆಯ 13ನೆಯ ಹೆದ್ದಾರಿ ದುರ್ಗದಲ್ಲಿ ಅದನ್ನು ಸಂಧಿಸಿ, ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೂ ಕರಾವಳಿಗೂ ಇಳಿಯುತ್ತದೆ. ಬಳ್ಳಾರಿ, ಚಳ್ಳಕೆರೆಗಳಿಂದ ಬರುವ ರಸ್ತೆ ಹಿರಿಯೂರಿನಲ್ಲಿ ಕೂಡಿಕೊಂಡು ಹುಳಿಯಾರಿನತ್ತ ಮುಂದುವರಿಯುತ್ತದೆ. ಹೊಸದುರ್ಗ ಮಾತ್ರ ಈ ದೊಡ್ಡ ರಸ್ತೆಗಳಿಂದ ತುಸು ಒಳಗೆ ಸರಿದು ಕುಳಿತಿದೆ. ಆದರೆ ಅಲ್ಲಿನ ತೆಂಗು, ಅಡಿಕೆ, ದಾಳಿಂಬೆಗಳು ಹೊರಗಿನ ಪೇಟೆ ಕಾಣಬೇಕಾದರೆ ಈ ರಸ್ತೆಗಳನ್ನೇ ಹಿಡಿಯಬೇಕು. ಹೊಳಲ್ಕೆರೆಯ ತೋಟಗಳ ಅಡಿಕೆ, ಭೀಮಸಮುದ್ರದ ಅಡಿಕೆ ಮಂಡಿ, ಹಿರಿಯೂರಿನ ಈರುಳ್ಳಿ, ಚಳ್ಳಕೆರೆಯ ಶೇಂಗಾ ಎಣ್ಣೆ, ಗುಡ್ಡಗಳ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು, ಎಲ್ಲಕ್ಕೂ ಲಾರಿಯೇ ಕಾಲು. ಈಚಿನ ವರ್ಷಗಳಲ್ಲಿ ಗಾಳಿಯಂತ್ರಗಳ ಉದ್ದುದ್ದ ರೆಕ್ಕೆಗಳನ್ನು ಹೊತ್ತು ಊರ ತಿರುವುಗಳಲ್ಲಿ ಅಂಗುಲ ಅಂಗುಲವಾಗಿ ಹೊರಳುವ ಟ್ರೇಲರುಗಳನ್ನೂ ಇಲ್ಲಿನ ಜನ ನೋಡಿದ್ದಾರೆ.

1970–80ರ ದಶಕಗಳ ಲಾರಿಯನ್ನು ಬಲ್ಲವರಿಗೆ ಅದು ದುಡಿಯುವವನ ಮೈಬಲವನ್ನೇ ಬೇಡುತ್ತಿದ್ದ ಯಂತ್ರವೆಂಬುದು ನೆನಪಿದ್ದೀತು. ಮುಂಭಾಗದ ಯಂತ್ರ ಮಾತ್ರ ಕಾರ್ಖಾನೆಯದು. ಕ್ಯಾಬಿನ್ನನ್ನೂ ಹಿಂದಿನ ಮರದ ಮೈಯನ್ನೂ ಊರಿನ ಬಡಗಿಗಳು, ಕಮ್ಮಾರರು ಕಟ್ಟುತ್ತಿದ್ದರು. ಎಂಜಿನ್ನಿನ ಕಾವು ಚಾಲಕನ ಮೊಣಕಾಲಿಗೇ ತಾಗುತ್ತಿತ್ತು. ಸ್ಟೇರಿಂಗನ್ನು ತಿರುಗಿಸುವುದೆಂದರೆ ರಾಟೆಯಿಲ್ಲದ ಬಾವಿಯಿಂದ ನೀರು ಸೇದಿದ ಹಾಗೆ. ಗೇರು ಬದಲಾಯಿಸುವಾಗ ಕ್ಲಚ್ಚನ್ನು ಎರಡು ಸಲ ಒತ್ತಿ, ಎಂಜಿನ್ನಿನ ದನಿಯನ್ನು ಆಲಿಸಿ, ತಕ್ಕ ಕ್ಷಣದಲ್ಲಿ ಹಲ್ಲಿಗೆ ಹಲ್ಲು ಕೂಡಿಸಬೇಕಾಗುತ್ತಿತ್ತು. ಅದನ್ನು ಯಾವ ಪುಸ್ತಕವೂ ಕಲಿಸುತ್ತಿರಲಿಲ್ಲ, ಕಿವಿ ಕಲಿಯುತ್ತಿತ್ತು.

ಆ ವಿದ್ಯೆ ಗುರುಶಿಷ್ಯ ಪರಂಪರೆಯಿಂದ ಬರುತ್ತಿತ್ತು. ಗುರು ಡ್ರೈವರು, ಶಿಷ್ಯ ಕ್ಲೀನರು. ಹದಿನೈದು ಹದಿನಾರರ ಹುಡುಗ ಮೊದಲು ಗಾಜು ಒರೆಸುತ್ತಿದ್ದ, ಏರಿನಲ್ಲಿ ನಿಂತ ಗಾಡಿಯ ಗಾಲಿಗೆ ಕಲ್ಲು ಕೊಡುತ್ತಿದ್ದ, ತಾಡಪಾಲು ಬಿಗಿಯುತ್ತಿದ್ದ, ಪಂಚರ್ ಆದರೆ ಸ್ಟೆಪ್ನಿ ಇಳಿಸುತ್ತಿದ್ದ. ನಾಲ್ಕಾರು ವರ್ಷ ಕಳೆದ ಮೇಲೆ ಒಂದು ನಿರ್ಜನ ರಸ್ತೆಯಲ್ಲಿ ಗುರುವಿಗೆ ದಯೆ ಬಂದರೆ ಸ್ಟೇರಿಂಗು ಅವನ ಕೈಗೆ ಸಿಗುತ್ತಿತ್ತು. ಆ ಕಲಿಕೆಯಲ್ಲಿ ಬೈಗುಳವೂ ಇತ್ತು, ಏಟೂ ಇತ್ತು. ಅದನ್ನು ಚಿನ್ನದ ಕಾಲವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಕ್ಲೀನರಿಗೆ ಇನ್ನೊಂದು ಕೆಲಸವಿತ್ತು, ಅದಕ್ಕೆ ಸಂಬಳವಿರಲಿಲ್ಲ. ರಾತ್ರಿಯೆಲ್ಲ ಮಾತಾಡುತ್ತ ಕುಳಿತು ಚಾಲಕನ ಕಣ್ಣು ಮುಚ್ಚದಂತೆ ನೋಡಿಕೊಳ್ಳುವುದೇ ಆ ಕೆಲಸ.

ಯಂತ್ರ ಸುಧಾರಿಸಿತು. ಬೆರಳಿನಿಂದ ತಿರುಗುವ ಪವರ್ ಸ್ಟೇರಿಂಗು ಬಂತು. ಗಾಳಿಯ ಒತ್ತಡದ ಬ್ರೇಕು, ಎರಡು ಪಟ್ಟು ಶಕ್ತಿಯ ಎಂಜಿನ್ನು, ಕಾರ್ಖಾನೆಯಲ್ಲೇ ಸಿದ್ಧವಾದ ಕ್ಯಾಬಿನ್ನು ಬಂದವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಯಾದ ಮೇಲೆ ಲಾರಿಗೆ ಡೀಸೆಲ್ ಜೊತೆಗೆ ಯೂರಿಯಾ ದ್ರಾವಣವನ್ನೂ ತುಂಬಿಸಬೇಕಾಯಿತು. ಕೆಟ್ಟರೆ ಸುತ್ತಿಗೆ ಸ್ಪ್ಯಾನರುಗಳಿಂದ ರಿಪೇರಿ ಸಾಧ್ಯವಿಲ್ಲ, ಗಣಕಯಂತ್ರ ತಂದು ರೋಗ ಕೇಳಬೇಕು. ಎರಡು ಪಥದ ಹೆದ್ದಾರಿ ಈ ಶತಮಾನದ ಮೊದಲ ದಶಕದಲ್ಲಿ ನಾಲ್ಕು ಪಥವಾಯಿತು. ಮುಂದೆ ತುಮಕೂರು–ಚಿತ್ರದುರ್ಗಗಳ ನಡುವಣ 114 ಕಿಲೋಮೀಟರನ್ನು ಆರು ಪಥಕ್ಕೆ ವಿಸ್ತರಿಸುವ ಕೆಲಸ ನಡೆಯಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗೆ ಮೀರಿದ ಸರಕು ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಮೊಣಕಾಲು ಸುಟ್ಟುಕೊಂಡ ತಲೆಮಾರಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನು ಕಾನೂನಿನ ಮಾತು. ಲಾರಿಯ ವಿಷಯದಲ್ಲಿ ಕಾನೂನು ಮೊದಲು ಕಲಿತದ್ದು ತೂಕ ಮಾಡುವುದನ್ನು. ಅದಕ್ಕೆ ಕಾರಣವಿದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯಿಂದ, ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೆಯ ಘಾತದಷ್ಟು ಏರುತ್ತದೆಂದು ತಿಳಿದುಬಂತು. ಸರಳವಾಗಿ ಹೇಳುವುದಾದರೆ, ಅಚ್ಚಿನ ಮೇಲೆ ಎರಡರಷ್ಟು ಭಾರ ಹೇರಿದರೆ ರಸ್ತೆ ಹಾಳಾಗುವುದು ಎರಡರಷ್ಟಲ್ಲ, ಹದಿನಾರರಷ್ಟು. ಆದರೂ ನಮ್ಮಲ್ಲಿ ಬಹುಕಾಲ ದಂಡ ಕಟ್ಟಿ ಹೆಚ್ಚಿನ ಭಾರದೊಡನೆಯೇ ಮುಂದೆ ಹೋಗುವ ಪದ್ಧತಿಯಿತ್ತು. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ದಂಡ ಕಟ್ಟಿದ ಮಾತ್ರಕ್ಕೆ ಆ ಭಾರವನ್ನು ಒಯ್ಯುವ ಹಕ್ಕು ಬರುವುದಿಲ್ಲ, ಹೆಚ್ಚಿನದನ್ನು ಇಳಿಸಲೇಬೇಕು ಎಂದಿತು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮಿತಿಯನ್ನೇ ಏರಿಸಿ, ಎರಡು ಅಚ್ಚಿನ ಲಾರಿಯ ಒಟ್ಟು ತೂಕವನ್ನು 16.2 ಟನ್ನಿನಿಂದ 18.5 ಟನ್ನಿಗೆ ಒಯ್ದಿತು. ಮರುವರ್ಷ ಸೆಪ್ಟೆಂಬರ್ 1ರಿಂದ ಅಧಿಕ ಭಾರದ ದಂಡ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ಎಂದಾಯಿತು.

ಈ ತೂಕದ ಪಾಠವನ್ನು ಚಿತ್ರದುರ್ಗ ಬಹು ಕಠಿಣವಾಗಿ ಕಲಿಯಿತು. ಈ ಶತಮಾನದ ಆರಂಭದಲ್ಲಿ ಕಬ್ಬಿಣದ ಅದಿರಿಗೆ ವಿದೇಶದಲ್ಲಿ ಬೆಲೆ ಬಂದಾಗ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ರಸ್ತೆಗಳಲ್ಲಿ ಅದಿರಿನ ಲಾರಿಗಳದೇ ರಾಜ್ಯ. ಸಾಲ ಮಾಡಿ ಲಾರಿ ಕೊಂಡವರಿಗೆ, ಹೊಲ ಬಿಟ್ಟು ಸ್ಟೇರಿಂಗು ಹಿಡಿದವರಿಗೆ ಲೆಕ್ಕವಿರಲಿಲ್ಲ. ರಸ್ತೆಯ ಬದಿಯ ಬೆಳೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈಯಲ್ಲಿ ಬಂತು. ಅದೇ ತಿಂಗಳು 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟು, ಆಗಸ್ಟ್ 26ರಂದು ಅದೇ ಆಜ್ಞೆಯನ್ನು ಚಿತ್ರದುರ್ಗ, ತುಮಕೂರುಗಳಿಗೂ ವಿಸ್ತರಿಸಿತು. 2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಹಂತಹಂತವಾಗಿ ತೆರೆದರೂ ಅಗೆಯುವುದಕ್ಕೆ ವಾರ್ಷಿಕ ಮಿತಿ ಬಂತು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ಮೊದಲು 50 ಲಕ್ಷ ಟನ್, 2022ರ ಆಗಸ್ಟಿನಿಂದ 150 ಲಕ್ಷ ಟನ್. ತೂಕದ ಚೀಟಿಯಿಲ್ಲದೆ, ಗಣಕದಿಂದ ಬಂದ ಪರವಾನಗಿಯಿಲ್ಲದೆ ಅದಿರಿನ ಲಾರಿ ಗಣಿಯ ಬಾಗಿಲು ದಾಟುವಂತಿಲ್ಲ ಎಂಬ ಕಾಲ ಬಂತು. ಗುಡ್ಡಗಳಿಗೂ ರಸ್ತೆಗಳಿಗೂ ಇದರಿಂದ ಒಳ್ಳೆಯದೇ ಆಯಿತು. ಆದರೆ ಆಜ್ಞೆ ಹೊರಟ ಮರುದಿನ ನಿಂತ ಲಾರಿಗಳ ಚಾಲಕರು ಯಾವ ಅಕ್ರಮದ ಲಾಭವನ್ನೂ ಉಂಡವರಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಪಡೆಯುತ್ತಿದ್ದವರು. ಟ್ರಿಪ್ಪು ನಿಂತಿತು, ಬಾಟಾ ನಿಂತಿತು.

ಕಾನೂನು ಎರಡನೆಯದಾಗಿ ಕಲಿತದ್ದು ಕಾಗದವನ್ನು ಹಗುರಗೊಳಿಸುವುದನ್ನು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂಬ ನಮ್ಮ ಗಾದೆ ಗಾಡಿ ಹೊಡೆಯುವವರ ಬಾಯಲ್ಲೇ ಹುಟ್ಟಿರಬೇಕು. ಊರೂರಿನ ಆಕ್ಟ್ರಾಯ್ ಸುಂಕ ನಮ್ಮ ರಾಜ್ಯದಲ್ಲಿ 1979ರಲ್ಲಿ ರದ್ದಾಯಿತು. ಆದರೂ ರಾಜ್ಯದ ಗಡಿಗಳಲ್ಲಿ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳಿದ್ದವು. ಅಲ್ಲಿ ಲಾರಿಗಳು ಗಂಟೆಗಟ್ಟಲೆ, ಒಮ್ಮೊಮ್ಮೆ ದಿನವಿಡೀ ಸಾಲುಗಟ್ಟಿ ನಿಲ್ಲುತ್ತಿದ್ದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಆ ಚೆಕ್‌ಪೋಸ್ಟುಗಳು ಹೋದವು. ಮರುವರ್ಷ ಏಪ್ರಿಲ್ 1ರಿಂದ ಇ-ವೇ ಬಿಲ್ ಎಂಬ ವಿದ್ಯುನ್ಮಾನ ಚೀಟಿ ಬಂತು. ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಇಂದು ಹಿರಿಯೂರು ತಾಲ್ಲೂಕಿನ ಗುಯಿಲಾಳು ಟೋಲಿನಲ್ಲಿ ಲಾರಿಯ ಗಾಜಿಗೆ ಅಂಟಿಸಿದ ಪಟ್ಟಿಯನ್ನು ಯಂತ್ರ ಓದುತ್ತದೆ, ಖಾತೆಯಿಂದ ಹಣ ಕಳೆಯುತ್ತದೆ, ಕಂಬ ಮೇಲೇಳುತ್ತದೆ. ಸುಖದುಃಖ ಹೇಳಿಕೊಳ್ಳಲು ಸುಂಕದವನೂ ಇಲ್ಲ.

ಇಲ್ಲಿಯೇ ನನ್ನ ಪ್ರಶ್ನೆ ಹುಟ್ಟುವುದು. ರಸ್ತೆ ಅಗಲವಾಗಿ, ಎಂಜಿನ್ನು ಬಲವಾಗಿ, ಚೆಕ್‌ಪೋಸ್ಟು ಹೋಗಿ, ಟೋಲಿನಲ್ಲಿ ನಿಲ್ಲುವುದು ತಪ್ಪಿ ಇಷ್ಟೆಲ್ಲ ಹೊತ್ತು ಉಳಿಯಿತಲ್ಲ, ಆ ಉಳಿದ ಹೊತ್ತು ಯಾರ ಪಾಲಾಯಿತು? ವ್ಯಾಪಾರಿಗೆ ಸರಕು ಬೇಗ ಮುಟ್ಟಿತು. ಮಾಲೀಕನಿಗೆ ತಿಂಗಳಿಗೆ ಒಂದೆರಡು ಟ್ರಿಪ್ಪು ಹೆಚ್ಚಾಯಿತು. ಚಾಲಕನಿಗೆ? ಹೊಸದುರ್ಗದ ಕಡೆಯ ಒಬ್ಬ ಹಿರಿಯ ಚಾಲಕರನ್ನು ನಾನು ಈ ಮಾತು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಆಗ ಚೆಕ್‌ಪೋಸ್ಟ್‌ನಾಗೆ ಬೈಕೊಂಡೇ ನಿಲ್ಲಿಸ್ತಿದ್ವಿ ಸ್ವಾಮಿ. ಆದ್ರೆ ನಿಂತ ಮ್ಯಾಲೆ ಗಾಡಿ ಕೆಳಗೆ ಚಾಪೆ ಹಾಸ್ಕೊಂಡು ನಿದ್ದೆ ಮಾಡ್ತಿದ್ವಿ. ಈಗ ಬೈಯಾಕೂ ಯಾರೂ ಇಲ್ಲ, ಮಲಗಾಕೂ ಹೊತ್ತಿಲ್ಲ." ಕಾಯುವ ಹಿಂಸೆ ಹೋಯಿತು, ನಿಜ. ಆದರೆ ಆ ಹಿಂಸೆಯ ಮರೆಯಲ್ಲಿ ಅವರಿಗೆ ಸಿಗುತ್ತಿದ್ದ ವಿಶ್ರಾಂತಿಯೂ ಹೋಯಿತು. ಅದರ ಬದಲಿಗೆ ಬೇರೊಂದು ವಿಶ್ರಾಂತಿಯನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಾನೂನಿನಲ್ಲಿ ವಿಶ್ರಾಂತಿಯ ಮಾತೇ ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ದುಡಿಮೆಗೆ ಮಿತಿ ಹಾಕಿತು. ದೂರದ ದಾರಿಗಳಲ್ಲಿ ಅದನ್ನು ದಿನಕ್ಕೆ ಹತ್ತು ಗಂಟೆಯವರೆಗೆ ವಿಸ್ತರಿಸಲು ಅವಕಾಶವಿತ್ತು. ಆ ಕಾಯಿದೆಯನ್ನು ಬೇರೆ ಹಲವು ಕಾರ್ಮಿಕ ಕಾಯಿದೆಗಳೊಡನೆ 2020ರ ಸಂಹಿತೆಯಲ್ಲಿ ಅಡಕಗೊಳಿಸಲಾಯಿತು. ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗಳಿಗೆ 1989ರ ಕೇಂದ್ರ ನಿಯಮಾವಳಿಯಲ್ಲಿ ಇನ್ನೊಂದು ಒಳ್ಳೆಯ ಮಾತಿತ್ತು: ಇಬ್ಬರು ಚಾಲಕರಿರಬೇಕು, ಚಾಲಕನ ಬೆನ್ನ ಹಿಂದೆ ಲಾರಿಯ ಅಗಲಕ್ಕೂ ಒಂದು ಆಸನವಿರಬೇಕು, ಎರಡನೆಯವನು ಅದರ ಮೇಲೆ ಮೈಚಾಚಿ ಮಲಗುವಂತಿರಬೇಕು. ನಿದ್ದೆ ಎಂಬ ಮಾತು ಕಾನೂನಿನ ಪುಸ್ತಕದಲ್ಲಿ ಕಾಣಸಿಗುವುದು ಅಪರೂಪ. ಆ ನಿಯಮದಲ್ಲಿ ಅದು ಇತ್ತು. ಇಬ್ಬರು ಚಾಲಕರು ಬೇಕೆಂಬ ಈ ಕಡ್ಡಾಯವನ್ನು 2018ರಲ್ಲಿ ತೆಗೆದುಹಾಕಲಾಯಿತು. ಬಹುತೇಕ ಲಾರಿಗಳಲ್ಲಿ ಎರಡನೆಯ ಚಾಲಕ ಮೊದಲೂ ಇರುತ್ತಿರಲಿಲ್ಲ ಎನ್ನಬಹುದು. ಆದರೆ ಪಾಲಿಸದ ನಿಯಮಕ್ಕೂ ಇಲ್ಲದ ನಿಯಮಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ತೋರಿಸಿ ಹಕ್ಕು ಕೇಳಬಹುದು.

ಹೀಗೆ ಎರಡನೆಯ ಚಾಲಕ ಕಾಗದದಿಂದ ಹೋದ ಕಾಲಕ್ಕೆ ಕ್ಲೀನರೂ ಕ್ಯಾಬಿನ್ನಿನಿಂದ ಮರೆಯಾಗುತ್ತಿದ್ದ. ಪವರ್ ಸ್ಟೇರಿಂಗಿನ ಲಾರಿಗೆ, ಗಾಳಿಯ ಬ್ರೇಕಿಗೆ ಕಲ್ಲು ಕೊಡುವ ಹುಡುಗ ಬೇಕಿಲ್ಲ. ಅವನ ಊಟದ ಖರ್ಚೂ ಉಳಿಯಿತು. ಅದರೊಂದಿಗೆ ಹೊಸ ಚಾಲಕರು ತಯಾರಾಗುತ್ತಿದ್ದ ಶಾಲೆಯೂ ಮುಚ್ಚಿತು. ಸಾರಿಗೆ ವಾಹನ ನಡೆಸಲು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದದ್ದು ಓದಲಾಗದ ಬಡವರಿಗೆ ಉಪಕಾರವೇ. ಆದರೆ ಓದಿನ ಬದಲು ಕಸುಬನ್ನು ಕಲಿಸುತ್ತಿದ್ದ ಜಾಗವೂ ಆಗಲೇ ಬರಿದಾಗುತ್ತಿತ್ತು. ಚಾಲಕರೇ ಸಿಗುತ್ತಿಲ್ಲವೆಂಬ ಮಾಲೀಕರ ಅಳಲಿಗೆ ಇದೂ ಒಂದು ಕಾರಣವೆಂದು ನನ್ನ ಭಾವನೆ.

ಒಬ್ಬನೇ ಉಳಿದ ಚಾಲಕನ ಮೇಲೆ ಈಗ ಕಣ್ಣುಗಳು ಮಾತ್ರ ಹಲವು. ಲಾರಿಯಲ್ಲಿ ಜಿಪಿಎಸ್ ಇದ್ದರೆ ಅದು ಎಲ್ಲಿ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಎಂಬುದು ಮಾಲೀಕನ ಮೊಬೈಲಿನಲ್ಲೇ ಕಾಣುತ್ತದೆ. ಹತ್ತು ನಿಮಿಷ ಹೆಚ್ಚು ನಿಂತರೆ ಕರೆ ಬರುತ್ತದೆ: "ಯಾಕಪ್ಪಾ ನಿಲ್ಲಿಸಿದೆ?" ವೇಗ ನಿಯಂತ್ರಕ ಅವನನ್ನು ಗಂಟೆಗೆ ಎಂಬತ್ತು ಕಿಲೋಮೀಟರಿನೊಳಗೆ ಹಿಡಿದಿಡಬೇಕೆಂಬುದು ಒಳ್ಳೆಯ ನಿಯಮವೇ, ಆದರೆ ನಿದ್ದೆಗೆಟ್ಟವನಿಗೆ ಎಂಬತ್ತೂ ಬೇಡ, ನಲವತ್ತೇ ಸಾಕು. ಹೀಗೆ ತೂಕಕ್ಕೆ ವೇಬ್ರಿಡ್ಜ್, ವೇಗಕ್ಕೆ ನಿಯಂತ್ರಕ, ಹೊಗೆಗೆ ಪರೀಕ್ಷೆ, ಸರಕಿಗೆ ಇ-ವೇ ಬಿಲ್, ದಾರಿಗೆ ಫಾಸ್ಟ್ಯಾಗ್ ಇವೆ. ಲಾರಿಯ ಪ್ರತಿಯೊಂದಕ್ಕೂ ಅಳತೆಗೋಲಿದೆ. ಅಳತೆಗೋಲಿಲ್ಲದೆ ಉಳಿದದ್ದು ಚಾಲಕನ ಎಚ್ಚರವೊಂದೇ. ಅಪಘಾತವಾದಾಗ ಮಾತ್ರ ಅದನ್ನು ವಿಚಾರಿಸುತ್ತೇವೆ, ಅದೂ ದಂಡನೆಯ ಭಾಷೆಯಲ್ಲಿ. ಹೊಸ ದಂಡಸಂಹಿತೆಯಲ್ಲಿ ಅಪಘಾತ ಮಾಡಿ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆವಾಸವೆಂದು ಬರೆದಾಗ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಲಾರಿಗಳು ನಿಂತವು. ಆ ಉಪವಿಧಿಯನ್ನು ತಡೆಹಿಡಿದು, ಉಳಿದ ಸಂಹಿತೆಯನ್ನು ಅದೇ ವರ್ಷ ಜುಲೈ 1ರಿಂದ ಜಾರಿಗೊಳಿಸಲಾಯಿತು. ಓಡಿಹೋಗುವುದನ್ನು ನಾನು ಸಮರ್ಥಿಸುವುದಿಲ್ಲ. ಎಷ್ಟು ಗಂಟೆಯಿಂದ ಎಚ್ಚರವಾಗಿದ್ದೆ ಎಂದು ಅಪಘಾತಕ್ಕೆ ಮುಂಚೆ ಒಮ್ಮೆಯಾದರೂ ಅವನನ್ನು ಕೇಳಬೇಕಿತ್ತು ಎನ್ನುತ್ತೇನೆ, ಅಷ್ಟೆ.

ಬೇರೆ ಕಡೆ ಇದನ್ನು ಕೇಳುವ ಯಂತ್ರವಿದೆ. ಯುರೋಪಿನಲ್ಲಿ ಟ್ಯಾಕೋಗ್ರಾಫ್ ಎಂಬ ಉಪಕರಣವನ್ನು ಕಡ್ಡಾಯಗೊಳಿಸುವ ನಿಯಮ 1970ರಲ್ಲೇ ಬಂತು. ಚಾಲಕ ಎಷ್ಟು ಹೊತ್ತು ನಡೆಸಿದ, ಎಷ್ಟು ಹೊತ್ತು ನಿಂತ ಎಂಬುದನ್ನು ಅದು ತಾನಾಗಿ ಬರೆದಿಡುತ್ತದೆ. ಬ್ರಿಟನ್ನಿನ ಚಾಲಕರು ಅದನ್ನು ಕ್ಯಾಬಿನ್ನಿನೊಳಗಿನ ಗೂಢಚಾರನೆಂದು ಹಳಿದು ವಿರೋಧಿಸಿದರು; ವಿವಾದ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1979ರಲ್ಲಿ ತೀರ್ಮಾನವಾಯಿತು. ಇಂದು ಅಲ್ಲಿ ನಾಲ್ಕೂವರೆ ಗಂಟೆ ನಡೆಸಿದ ಮೇಲೆ ನಲವತ್ತೈದು ನಿಮಿಷ ನಿಲ್ಲಿಸಲೇಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗೆ ಮೀರುವಂತಿಲ್ಲ. ಗೂಢಚಾರನೆಂದು ಬೈಸಿಕೊಂಡ ಯಂತ್ರವೇ, ಮಾಲೀಕ ಅವಸರಪಡಿಸಿದಾಗ ಚಾಲಕನ ಪರವಾಗಿ ಸಾಕ್ಷಿ ನುಡಿಯುವ ಯಂತ್ರವೂ ಆಯಿತು. ನಮ್ಮಲ್ಲಿಯೂ ವಿಮಾನ ಚಾಲಕರಿಗಿರುವಂತೆ ಲಾರಿ ಚಾಲಕರಿಗೆ ಗಂಟೆಗಳನ್ನು ಗೊತ್ತುಪಡಿಸಬೇಕು, ತೂಕಡಿಕೆಯನ್ನು ಗುರುತಿಸುವ ಉಪಕರಣ ಬೇಕು ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2021ರಲ್ಲಿ ಹೇಳಿದ್ದುಂಟು.

ಇದು ನಮ್ಮ ದೇಶಕ್ಕೆ ದುಬಾರಿಯ ಮಾತೆಂದು ಕೆಲವರು ಹೇಳಬಹುದು. ಸಣ್ಣದೊಂದು ಲೆಕ್ಕ ಹಾಕೋಣ. ಭೀಮಸಮುದ್ರದಿಂದ ದೆಹಲಿಗೆ ಸುಮಾರು ಎರಡು ಸಾವಿರ ಕಿಲೋಮೀಟರ್. ಇ-ವೇ ಬಿಲ್ಲಿನ ಆಯುಷ್ಯ 2021ರ ಜನವರಿಯಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಅಂದರೆ ಅಡಿಕೆ ಹೊತ್ತ ಲಾರಿಗೆ ತೆರಿಗೆ ಇಲಾಖೆಯೇ ಹತ್ತು ದಿನ ಕೊಟ್ಟಿದೆ. ಚಾಲಕ ಕಾನೂನಿನಂತೆ ದಿನಕ್ಕೆ ಎಂಟೇ ಗಂಟೆ ನಡೆಸಲಿ, ಗಂಟೆಗೆ ಐವತ್ತೇ ಕಿಲೋಮೀಟರ್ ಸಾಗಲಿ. ದಿನಕ್ಕೆ ನಾನೂರಾಯಿತು, ಐದು ದಿನಕ್ಕೆ ದೆಹಲಿ. ಇಲಾಖೆ ಕೊಟ್ಟ ಅವಧಿಯ ಅರ್ಧದಲ್ಲೇ ಸರಕು ಮುಟ್ಟುತ್ತದೆ, ಚಾಲಕನೂ ರಾತ್ರಿ ಮಲಗುತ್ತಾನೆ. ಅಡಿಕೆಯೇನೂ ಹಾಲಲ್ಲ, ಐದು ದಿನಕ್ಕೆ ಕೆಡುವುದಿಲ್ಲ. ನಿದ್ದೆಯನ್ನು ಕಸಿಯುವುದು ರಸ್ತೆಯಲ್ಲ, ಲಾರಿಯಲ್ಲ, ಸರ್ಕಾರದ ಕಾಗದವೂ ಅಲ್ಲ. ಬೇಗ ಮುಟ್ಟಿಸಿದವನಿಗೇ ಮುಂದಿನ ಲೋಡು ಎಂಬ ಪೈಪೋಟಿ, ಟ್ರಿಪ್ಪಿಗಿಷ್ಟು ಎಂಬ ಬಾಟಾ, ಕಂತು ಕಟ್ಟಬೇಕಾದ ಸಾಲ, ಇವು ಕಸಿಯುತ್ತವೆ. ಈ ಪೈಪೋಟಿಯಲ್ಲಿ ಒಬ್ಬ ಮಾಲೀಕ ತಾನೊಬ್ಬನೇ ಧರ್ಮಿಷ್ಠನಾಗಿ ಉಳಿಯುವುದು ಕಷ್ಟ. ಎಲ್ಲರಿಗೂ ಒಂದೇ ನಿಯಮ, ಎಲ್ಲರಿಗೂ ಒಂದೇ ಅಳತೆ ಇದ್ದರೆ ಮಾತ್ರ ಅವನಿಗೂ ಬಿಡುಗಡೆ.

ಅದಕ್ಕೆ ಬೇಕಾದ ಅಳತೆ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ಗುಯಿಲಾಳು ಟೋಲನ್ನು ಲಾರಿ ಎಷ್ಟು ಗಂಟೆಗೆ ದಾಟಿತು, ಹಿಂದಿನ ಟೋಲನ್ನು ಎಷ್ಟಕ್ಕೆ, ಮುಂದಿನದನ್ನು ಎಷ್ಟಕ್ಕೆ ಎಂಬುದನ್ನು ಹಣ ಕಳೆಯುವ ಯಂತ್ರ ನಿಮಿಷ ತಪ್ಪದೆ ಬರೆದಿಟ್ಟುಕೊಂಡಿರುತ್ತದೆ. ಚಾಲಕ ಯಾರೆಂಬುದನ್ನು ಅದಕ್ಕೆ ಜೋಡಿಸಿದರೆ ಅವನು ಎಷ್ಟು ಹೊತ್ತು ದುಡಿದನೆಂಬ ಲೆಕ್ಕ ಸಿದ್ಧ. ಸರ್ಕಾರದ ಹಣ ತಪ್ಪದಂತೆ ನೋಡಿಕೊಳ್ಳುವ ದಾಖಲೆ ಚಾಲಕನ ನಿದ್ದೆ ತಪ್ಪದಂತೆಯೂ ನೋಡಿಕೊಳ್ಳಲಿ ಎಂದು ಕೇಳುವುದು ಅತಿಯಾಸೆಯಲ್ಲ. ಜೊತೆಗೆ ನಿಲ್ಲಲು ಜಾಗ ಬೇಕು. ನಿದ್ದೆ ತಡೆಯಲಾರದೆ ಹೆದ್ದಾರಿಯ ಅಂಚಿನಲ್ಲೇ ನಿಲ್ಲಿಸಿದ ಲಾರಿಗೆ ಹಿಂದಿನಿಂದ ಕಾರು, ಬಸ್ಸುಗಳು ಬಡಿದ ಸುದ್ದಿ ನಮಗೆ ಹೊಸದಲ್ಲ. ತೈಲ ಕಂಪನಿಗಳು ಕೆಲವು ಪೆಟ್ರೋಲ್ ಬಂಕುಗಳಲ್ಲಿ ‘ಅಪ್ನಾ ಘರ್’ ಎಂಬ ಹೆಸರಿನಿಂದ ಚಾಲಕರಿಗೆ ಹಾಸಿಗೆ, ಸ್ನಾನ, ಅಡುಗೆಗಳ ಅನುಕೂಲ ಮಾಡಿರುವುದು ಒಳ್ಳೆಯ ಆರಂಭ. ಎರಡು ಹೆದ್ದಾರಿಗಳು ಕೂಡುವ ಹಿರಿಯೂರಿನಲ್ಲಿ, ದುರ್ಗದಲ್ಲಿ ನೂರಾರು ಲಾರಿಗಳು ನೆಮ್ಮದಿಯಿಂದ ನಿಲ್ಲುವಂಥ ಬಯಲು, ನೆರಳು, ನೀರು, ಕಾವಲು ಬೇಕು. ಎತ್ತಿನ ಗಾಡಿಯ ಕಾಲದಲ್ಲಿ ಸಾಲುಮರ ನೆಟ್ಟು, ಅರವಟ್ಟಿಗೆ ಇಟ್ಟು, ಛತ್ರ ಕಟ್ಟಿಸಿದ ನಾಡು ನಮ್ಮದು. ಆ ಧರ್ಮಕ್ಕೆ ಹೊಸ ರೂಪ ಕೊಡಬೇಕಷ್ಟೆ.

ಶ್ರೋತೃಗಳಲ್ಲಿ ವ್ಯಾಪಾರಿಗಳಿದ್ದೀರಿ, ತೋಟದವರಿದ್ದೀರಿ, ಲಾರಿಯ ಮಾಲೀಕರೂ ಇದ್ದೀರಿ. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸ ನಿಮ್ಮ ಕೈಯಲ್ಲಿದೆ. ಮುಂದಿನ ಸಲ ಲೋಡು ಕಳಿಸುವಾಗ, ಮುಟ್ಟಬೇಕಾದ ದಿನವನ್ನು ಗೊತ್ತುಮಾಡುವ ಮುಂಚೆ, ದಾರಿಯಲ್ಲಿ ಎಷ್ಟು ರಾತ್ರಿಗಳಿವೆ ಎಂದು ಎಣಿಸಿ. ಅಷ್ಟೂ ರಾತ್ರಿ ಆ ಚಾಲಕ ಮಲಗುತ್ತಾನೆಂದು ಲೆಕ್ಕ ಹಿಡಿದು, ಆಮೇಲೆ ದಿನ ಹೇಳಿ. ಅದೇ ರಸ್ತೆಯಲ್ಲಿ, ಅದೇ ರಾತ್ರಿ, ಬಸ್ಸಿನಲ್ಲಿ ಮಲಗಿ ಊರಿಗೆ ಬರುತ್ತಿರುವ ನಮ್ಮ ಮಕ್ಕಳೂ ಇರುತ್ತಾರೆ.